ಮನೆಯ ರೂಟರೂ ಕಡತಗಳ ಕಣಜವೂ

ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನು ಕನ್ನಡ ವಿದ್ಯಾರ್ಥಿಗಳೆಲ್ಲರೂ ಕೇಳಿಯೇ ಇರುವರು. ಹತ್ತನೆಯ ಶತಮಾನದ ಪೊನ್ನ ಕವಿಯ ಶಾಂತಿಪುರಾಣವನ್ನು ಆಕೆ ಸಾವಿರ ಪ್ರತಿ ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಅಚ್ಚುಕೂಟದ ಸುಳಿವೇ ಇಲ್ಲದ ಕಾಲವದು. ಲೇಖಕನು ಕಂಠವನ್ನು ಹಿಡಿದು ಒಂದೊಂದು ಓಲೆಯ ಮೇಲೂ ಕೊರೆಯಬೇಕಾಗಿತ್ತು. ಆ ಶಾಂತಿಪುರಾಣವು ಇಂದು ನಮ್ಮ ಕೈಯಲ್ಲಿದೆ. ಅದೇ ಪೊನ್ನನು ರಚಿಸಿದ ಭುವನೈಕರಾಮಾಭ್ಯುದಯವಾದರೋ ನಮಗೆ ದೊರೆತಿಲ್ಲ. ಒಂದು ಉಳಿದುದಕ್ಕೂ ಇನ್ನೊಂದು ಅಳಿದುದಕ್ಕೂ ಇದೊಂದೇ ಕಾರಣವೆಂದು ಸಾಧಿಸಹೊರಡುವುದು ನನ್ನ ಉದ್ದೇಶವಲ್ಲ. ಆದರೂ ಒಂದು ಮಾತು ಸ್ಪಷ್ಟವಾಗಿದೆ. ಆ ಮಹಾತಾಯಿ ಪ್ರತಿಗಳನ್ನು ಮಾಡಿಸಿದಳು. ಅಷ್ಟಕ್ಕೇ ನಿಲ್ಲದೆ ಅವುಗಳನ್ನು ಹಂಚಿದಳು. ಸಾವಿರ ಪ್ರತಿಗಳನ್ನೂ ಒಂದೇ ಮಠದ ಒಂದೇ ಕೋಣೆಯಲ್ಲಿ ಇರಿಸಿದ್ದರೆ ಒಂದು ಕಿಡಿಗೆ, ಒಂದು ಗೆದ್ದಲಿನ ಹುತ್ತಕ್ಕೆ ಸಾವಿರವೂ ಒಂದಾಗಿಯೇ ಹೋಗುತ್ತಿದ್ದವು.

ಈಗ ನಾವು ಓಲೆಯಲ್ಲಿ ಬರೆಯುವುದಿಲ್ಲ. ನಮ್ಮ ಟಿಪ್ಪಣಿಗಳು, ಕ್ಷೇತ್ರಕಾರ್ಯದ ಧ್ವನಿಮುದ್ರಣಗಳು, ಮನೆಯ ಮದುವೆ ಮುಂಜಿಗಳ ಚಿತ್ರಗಳು ಎಲ್ಲವೂ ಲ್ಯಾಪ್‌ಟಾಪಿನಲ್ಲಿಯೋ ಮೊಬೈಲಿನಲ್ಲಿಯೋ ಅಡಗಿವೆ. ಓಲೆಗೆ ಗೆದ್ದಲು ಹಿಡಿದರೆ ಅಂಚಿನಿಂದ ತಿನ್ನುತ್ತಾ ಬರುವುದು. ಎಚ್ಚೆತ್ತರೆ ಮಿಕ್ಕುದನ್ನಾದರೂ ಉಳಿಸಬಹುದು. ಹಾರ್ಡ್ ಡಿಸ್ಕು ಕೆಟ್ಟರೆ ನೂರು ಗ್ರಂಥಗಳಷ್ಟು ಬರಹವು ಒಂದೇ ಕ್ಷಣದಲ್ಲಿ ಕೈಬಿಡುವುದುಂಟು. ಆದುದರಿಂದ ಪ್ರತಿ ಮಾಡಿಡುವ ಕೆಲಸ, ಅಂದರೆ ಇಂದಿನವರು ಬ್ಯಾಕಪ್ ಎಂದು ಕರೆಯುವ ಕೆಲಸ, ಮೊದಲಿಗಿಂತಲೂ ಈಗ ಹೆಚ್ಚು ಅಗತ್ಯವಾಗಿದೆ. ಇದಕ್ಕಾಗಿ ಸಾವಿರಾರು ರೂಪಾಯಿಗಳ ಬೇರೆ ಯಂತ್ರವನ್ನು ಕೊಳ್ಳಲಾರದವರಿಗೆ ಮನೆಯಲ್ಲಿ ಆಗಲೇ ಇರುವ ರೂಟರು ಹೇಗೆ ನೆರವಾಗಬಲ್ಲುದು, ಎಲ್ಲಿ ಅದನ್ನು ನಂಬಬಾರದು, ಎಂಬುದನ್ನು ನನ್ನ ಅನುಭವಕ್ಕೆ ಬಂದ ಮಟ್ಟಿಗೆ ತಿಳಿಸುವುದೇ ಈ ಲೇಖನದ ಉದ್ದೇಶ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಕಳೆದುಕೊಂಡು ಕಲಿತವನು ಎಂಬುದಷ್ಟೇ ನನಗಿರುವ ಅರ್ಹತೆ.

ಮೊದಲು ಆ ಸಂಗತಿಯನ್ನು ಹೇಳಿಬಿಡುತ್ತೇನೆ. ೨೦೨೩ರ ಬೇಸಿಗೆಯ ರಜೆಯಲ್ಲಿ ನಮ್ಮ ಅಜ್ಜಿಯೂ ಅವರ ಓರಗೆಯ ಇಬ್ಬರು ಹೆಂಗಸರೂ ಹಾಡುತ್ತಿದ್ದ ಬೀಸುವ ಪದ, ಸೋಬಾನೆ ಪದಗಳನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಲು ತೊಡಗಿದೆ. ಜನಪದ ಸಾಹಿತ್ಯದ ಪಾಠ ಹೇಳುತ್ತಿದ್ದ ಅಧ್ಯಾಪಕರು ಕೊಟ್ಟ ಉತ್ತೇಜನವೇ ಇದಕ್ಕೆ ಕಾರಣ. ಅಜ್ಜಿ ಆ ಪುಟ್ಟ ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ರೊಳಗೆ ಹೋಗಿದ್ದು ತಿರುಗಿ ಬರ್ತದೇನೋ ಮಗಾ?" ಎಂದು ಕೇಳಿದ್ದರು. ನಾನು ನಕ್ಕು, "ಬರ್ತದಜ್ಜಿ, ನೀವು ಹಾಡಿ" ಎಂದಿದ್ದೆ. ಆ ವರ್ಷದ ಕೊನೆಯ ಹೊತ್ತಿಗೆ ಸುಮಾರು ೩೦ ಗಂಟೆಗಳಷ್ಟು ಧ್ವನಿ ಸೇರಿತ್ತು. ಮೊಬೈಲಿನಲ್ಲಿ ಜಾಗ ಸಾಲದೆ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಸಾಗಿಸಿ ಮೊಬೈಲಿನಿಂದ ಅಳಿಸುತ್ತಾ ಬಂದೆ. ಲ್ಯಾಪ್‌ಟಾಪಿನದೊಂದು ಪ್ರತಿಯು ರೂಟರಿಗೆ ಜೋಡಿಸಿದ್ದ ಡಿಸ್ಕಿಗೆ ತಾನಾಗಿ ಹೋಗುವಂತೆ ವ್ಯವಸ್ಥೆ ಮಾಡಿದ್ದೆ. ಆ ವ್ಯವಸ್ಥೆಯ ಬಗೆಗೆ ಮನಸ್ಸಿನಲ್ಲಿ ಸ್ವಲ್ಪ ಜಂಬವೂ ಇತ್ತೆನ್ನಬೇಕು. ಅದು ಏನಾಯಿತೆಂಬುದನ್ನು ಮುಂದೆ ಹೇಳುವೆನು. ಮೊದಲು ವ್ಯವಸ್ಥೆ ಎಂಥದೆಂಬುದನ್ನು ತಿಳಿಯೋಣ.

ರೂಟರೆಂದರೆ ಮನೆಗೆ ಬರುವ ಇಂಟರ್ನೆಟ್ ಸಂಪರ್ಕವನ್ನು ಮನೆಯ ಗಣಕ, ಮೊಬೈಲುಗಳಿಗೆಲ್ಲ ಹಂಚುವ ಪೆಟ್ಟಿಗೆ. ನೋಡಲು ಸಣ್ಣದಾದರೂ ಅದೂ ಒಂದು ಗಣಕವೇ. ಅದಕ್ಕೂ ಸಂಸ್ಕಾರಕ ಉಂಟು, ನೆನಪು ಉಂಟು; ಬಹುಮಟ್ಟಿನ ರೂಟರುಗಳಲ್ಲಿ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯೇ ಇರುವುದು. ಹಲವು ರೂಟರುಗಳ ಹಿಂಭಾಗದಲ್ಲಿ ಯು.ಎಸ್.ಬಿ. ಕಿಂಡಿಯೊಂದನ್ನು ಕಾಣಬಹುದು. ಅದಕ್ಕೆ ಹೊರಗಿನ ಹಾರ್ಡ್ ಡಿಸ್ಕನ್ನು ಸಿಕ್ಕಿಸಿದರೆ ಮನೆಯ ಯಾವ ಗಣಕದಿಂದಲಾದರೂ ತಂತಿಯಿಲ್ಲದೆಯೇ ಆ ಡಿಸ್ಕನ್ನು ತಲುಪಬಹುದು. ಆಪಲ್ ಸಂಸ್ಥೆಯು ೨೦೦೮ರಲ್ಲಿ ರೂಟರನ್ನೂ ಡಿಸ್ಕನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿ ಟೈಮ್ ಕ್ಯಾಪ್ಸೂಲ್ ಎಂಬ ಹೆಸರಿನಿಂದ ಮಾರಾಟಕ್ಕೆ ತಂದಿತು. ೨೦೧೮ರಲ್ಲಿ ಆ ಸರಣಿಯನ್ನೇ ಕೈಬಿಟ್ಟಿತು. ಆದರೆ ಅದರ ಹಿಂದಿನ ಆಲೋಚನೆ ಸಾಧಾರಣ ರೂಟರುಗಳಲ್ಲಿ ಇಂದಿಗೂ ಉಳಿದಿದೆ. ಫೈಬರ್ ಸಂಪರ್ಕದೊಡನೆ ಕೊಡುವ ಪೆಟ್ಟಿಗೆಗಳಲ್ಲಿಯೂ ಕೆಲವಕ್ಕೆ ಈ ಕಿಂಡಿ ಉಂಟು. ಕೆಲವು ಪೆಟ್ಟಿಗೆಗಳಲ್ಲಿ ಕಿಂಡಿಯಿದ್ದರೂ ಡಿಸ್ಕು ಕೆಲಸ ಮಾಡದಂತೆ ಕಟ್ಟಿಹಾಕಿರುತ್ತಾರೆ. ಡಿಸ್ಕು ಕೊಳ್ಳುವ ಮೊದಲು ಒಂದು ಪೆನ್‌ಡ್ರೈವನ್ನು ಸಿಕ್ಕಿಸಿ ಪರೀಕ್ಷಿಸುವುದು ಲೇಸು.

ರೂಟರು ಡಿಸ್ಕನ್ನು ಗಣಕಗಳಿಗೆ ತೋರಿಸಲು ಸಾಮಾನ್ಯವಾಗಿ ಸಾಂಬಾ ಎಂಬ ತಂತ್ರಾಂಶವನ್ನು ಬಳಸುವುದು. ವಿಂಡೋಸ್ ಗಣಕಗಳು ಕಡತಗಳನ್ನು ಪರಸ್ಪರ ಹಂಚಿಕೊಳ್ಳಲು ಆಡುವ ಭಾಷೆಗೆ ಎಸ್.ಎಂ.ಬಿ. ಎಂದು ಹೆಸರು. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಎಂಬುವರು ಕ್ಯಾನ್‌ಬೆರಾದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ, ೧೯೯೨ರ ಸುಮಾರಿಗೆ, ಬೇರೆ ಬಗೆಯ ಗಣಕಗಳಿಗೂ ಈ ಭಾಷೆ ಬರುವಂತೆ ಮಾಡಿದರು. ಎಸ್, ಎಂ, ಬಿ ಎಂಬ ಮೂರು ಅಕ್ಷರಗಳು ಅದೇ ಕ್ರಮದಲ್ಲಿ ಬರುವ ಪದವನ್ನು ಹುಡುಕಿ ಸಾಂಬಾ ಎಂಬ ಹೆಸರನ್ನು ಆರಿಸಿಕೊಂಡರು. ಅವರೇ ೧೯೯೬ರಲ್ಲಿ ಪಾಲ್ ಮ್ಯಾಕೆರಾಸ್ ಅವರೊಡಗೂಡಿ ಆರ್‌ಸಿಂಕ್ ಎಂಬ ಇನ್ನೊಂದು ಸಾಧನವನ್ನು ರಚಿಸಿದರು. ಕಡತದಲ್ಲಿ ಬದಲಾದ ಭಾಗವನ್ನಷ್ಟೇ ಸಾಗಿಸಿ ಪ್ರತಿಯನ್ನು ಹೊಸದಾಗಿಸುವುದು ಅದರ ವಿಶೇಷ. ಒಬ್ಬ ವಿದ್ಯಾರ್ಥಿಯ ಕೆಲಸವು ಈಗ ಮನೆಮನೆಯ ಪೆಟ್ಟಿಗೆಯಲ್ಲಿ ಸದ್ದಿಲ್ಲದೆ ದುಡಿಯುತ್ತಿರುವುದನ್ನು ನೆನೆದರೆ ವಿದ್ಯಾರ್ಥಿಗಳಾದ ನಮಗೆ ಹೆಮ್ಮೆಯೆನಿಸುವುದು ಸಹಜ.

ಇನ್ನು ಡಿಸ್ಕಿನ ವಿಚಾರ. ೧೯೫೬ರಲ್ಲಿ ಐ.ಬಿ.ಎಂ. ಸಂಸ್ಥೆ ಮೊದಲ ಹಾರ್ಡ್ ಡಿಸ್ಕನ್ನು ಹೊರತಂದಾಗ ಅದರಲ್ಲಿ ೨೪ ಅಂಗುಲ ವ್ಯಾಸದ ೫೦ ತಟ್ಟೆಗಳಿದ್ದವು; ಒಂದು ಟನ್ನಿಗೂ ಹೆಚ್ಚು ತೂಗುತ್ತಿದ್ದ ಆ ಯಂತ್ರದಲ್ಲಿ ೫೦ ಲಕ್ಷ ಅಕ್ಷರಗಳು ಮಾತ್ರ ಹಿಡಿಸುತ್ತಿದ್ದವು. ಇಂದು ಅಂಗಿಯ ಜೇಬಿನಲ್ಲಿ ಹಿಡಿಸುವ ಡಿಸ್ಕಿನಲ್ಲಿ ಅದರ ಲಕ್ಷಾಂತರ ಪಟ್ಟು ಹಿಡಿಸುವುದು. ಆದರೆ ಮೂಲತತ್ತ್ವ ಬದಲಾಗಿಲ್ಲ. ನಿಮಿಷಕ್ಕೆ ೫೪೦೦ ಸುತ್ತಿನಂತೆ ತಿರುಗುವ ತಟ್ಟೆಯ ಮೇಲೆ, ಅದಕ್ಕೆ ತಾಕದಷ್ಟೇ ಎತ್ತರದಲ್ಲಿ, ಓದುವ ಬರೆಯುವ ಮೊನೆಯೊಂದು ತೇಲುತ್ತಿರುವುದು. ತಿರುಗುತ್ತಿರುವಾಗ ಕೈಜಾರಿ ಬಿದ್ದರೆ ಮೊನೆ ತಟ್ಟೆಗೆ ಬಡಿದು ಬರಹ ಹಾಳಾಗುವುದು. ಆದುದರಿಂದ ರೂಟರಿಗೆ ಜೋಡಿಸಿದ ಡಿಸ್ಕನ್ನು ಗೋಡೆಯಿಂದ ತೂಗಾಡಲು ಬಿಡದೆ ಗಟ್ಟಿಯಾದ ಹಲಗೆಯ ಮೇಲೆ, ಗಾಳಿಯಾಡುವಲ್ಲಿ ಇರಿಸಬೇಕು.

ಜೋಡಿಸುವಾಗ ಮೊದಲು ಗಮನಿಸತಕ್ಕದ್ದು ವಿದ್ಯುತ್ತಿನ ಲೆಕ್ಕ. ಯು.ಎಸ್.ಬಿ. ೨.೦ ಕಿಂಡಿಯು ನಿಯಮದಂತೆ ೫ ವೋಲ್ಟಿನಲ್ಲಿ ೫೦೦ ಮಿಲಿ ಆಂಪಿಯರ್‌ನಷ್ಟೂ, ೩.೦ ಕಿಂಡಿಯು ೯೦೦ ಮಿಲಿ ಆಂಪಿಯರ್‌ನಷ್ಟೂ ವಿದ್ಯುತ್ತನ್ನು ಕೊಡಬೇಕು. ಜೇಬಿನ ಡಿಸ್ಕು ತಿರುಗಲು ಆರಂಭಿಸುವ ಕ್ಷಣದಲ್ಲಿ ಅದಕ್ಕೆ ಹೆಚ್ಚು ವಿದ್ಯುತ್ತು ಬೇಕಾಗುವುದು. ಸಾಲದಾದಾಗ ಡಿಸ್ಕು ಟಿಕ್ ಟಿಕ್ ಎಂದು ಸದ್ದು ಮಾಡುವುದು, ಕಂಡು ಮರೆಯಾಗುವುದು, ಕೆಲವೊಮ್ಮೆ ರೂಟರೇ ಆರಿ ಮತ್ತೆ ಹೊತ್ತಿಕೊಳ್ಳುವುದು. ಹೀಗಾದರೆ ಸ್ವಂತ ಅಡಾಪ್ಟರಿರುವ ದೊಡ್ಡ ಡಿಸ್ಕನ್ನಾಗಲಿ, ನಡುವೆ ಸ್ವಂತ ವಿದ್ಯುತ್ತುಳ್ಳ ಹಬ್ಬನ್ನಾಗಲಿ ಬಳಸಬೇಕು. ಎರಡು ಡಿಸ್ಕುಗಳನ್ನು ಒಟ್ಟಿಗೆ ಜೋಡಿಸುವವರಿಗಂತೂ ಇಂಥ ಹಬ್ಬು ಅತ್ಯಗತ್ಯ. ಇನ್ನೊಂದು ಸೂಕ್ಷ್ಮವೂ ಉಂಟು. ಯು.ಎಸ್.ಬಿ. ೩.೦ ಸಾಧನಗಳಿಂದ ಹೊಮ್ಮುವ ಸದ್ದು ೨.೪ ಗಿಗಾಹರ್ಟ್ಸ್ ವೈಫೈ ಅಲೆಗಳನ್ನು ಕದಡಬಲ್ಲುದೆಂದು ಇಂಟೆಲ್ ಸಂಸ್ಥೆಯವರು ೨೦೧೨ರಲ್ಲಿ ಪ್ರಕಟಿಸಿದ ಬರಹದಲ್ಲಿ ತೋರಿಸಿದ್ದಾರೆ. ಇಲ್ಲಿ ಸದ್ದೆಂದರೆ ಕಿವಿಗೆ ಕೇಳುವುದಲ್ಲ, ರೇಡಿಯೋ ಅಲೆಗಳ ಗೊಂದಲ. ಡಿಸ್ಕು ಸಿಕ್ಕಿಸಿದ ಮೇಲೆ ವೈಫೈ ಮಂಕಾದರೆ ಡಿಸ್ಕನ್ನು ರೂಟರಿನ ಕೋಲಿನಿಂದ ತುಸು ದೂರ ಇಡಿ. ಇಲ್ಲವೇ ೫ ಗಿಗಾಹರ್ಟ್ಸಿನ ಅಲೆಯನ್ನು ಬಳಸಿ.

ಎರಡನೆಯದು, ಡಿಸ್ಕಿನೊಳಗಿನ ಕಡತಗಳ ಕಟ್ಟುಪಾಡು. ಉಗ್ರಾಣದಲ್ಲಿ ಮೂಟೆಗಳನ್ನು ಜೋಡಿಸಲು ಒಂದು ಕ್ರಮವಿರುವಂತೆ ಡಿಸ್ಕಿನಲ್ಲಿಯೂ ಕ್ರಮಗಳುಂಟು. ಫ್ಯಾಟ್ ೩೨ ಎಂಬ ಹಳೆಯ ಕ್ರಮವನ್ನು ಎಲ್ಲ ಯಂತ್ರಗಳೂ ಬಲ್ಲವು. ಆದರೆ ಅದರಲ್ಲಿ ೪ ಗಿಗಾಬೈಟಿನಷ್ಟು ದೊಡ್ಡ ಕಡತ ಹಿಡಿಸದು. ಉದ್ದನೆಯ ವೀಡಿಯೋ ಇರಿಸಹೊರಟವರು ಇದರಿಂದ ಕಂಗೆಡುವರು. ಎನ್.ಟಿ.ಎಫ್.ಎಸ್. ಎಂಬುದು ವಿಂಡೋಸಿನ ಕ್ರಮ; ಕೆಲವು ರೂಟರುಗಳು ಇದನ್ನು ಓದಬಲ್ಲವೇ ಹೊರತು ಬರೆಯಲಾರವು. ಎಕ್ಸ್‌ಟ್ ೪ ಎಂಬುದು ಲಿನಕ್ಸಿನ ಕ್ರಮ. ರೂಟರಿಗೆ ಇದು ಹಿತ, ಆದರೆ ರೂಟರು ಕೆಟ್ಟ ದಿನ ಡಿಸ್ಕನ್ನು ಕಿತ್ತು ವಿಂಡೋಸ್ ಗಣಕಕ್ಕೆ ಸಿಕ್ಕಿಸಿದರೆ ಅದು ಸಾಮಾನ್ಯವಾಗಿ ನೇರವಾಗಿ ಓದಲಾರದು. ರೂಟರೂ ಗಣಕವೂ ಎರಡೂ ಬಲ್ಲ ಕ್ರಮವನ್ನು ಆರಿಸುವುದು ನಮ್ಮಂಥವರಿಗೆ ಕ್ಷೇಮ. ಕ್ರಮವನ್ನು ಬದಲಿಸಿದರೆ ಡಿಸ್ಕಿನಲ್ಲಿ ಇದ್ದುದೆಲ್ಲ ಅಳಿಸಿಹೋಗುವುದೆಂಬುದನ್ನು ಮರೆಯಬಾರದು.

ಇಲ್ಲಿ ಕನ್ನಡದವರಿಗೇ ಸಂಬಂಧಿಸಿದ ಒಂದು ತೊಡಕನ್ನು ಹೇಳಬೇಕು. ನಾನು ಹಾಡಿನ ಮೊದಲ ಸಾಲನ್ನೇ ಕಡತದ ಹೆಸರಾಗಿ ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೆ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿದ್ದ ಕೆಲವು ಕಡತಗಳು ಡಿಸ್ಕಿಗೆ ಹೋಗಲೊಲ್ಲವು. ಕಾರಣ ತಿಳಿದಾಗ ಆಶ್ಚರ್ಯವಾಯಿತು. ಎಕ್ಸ್‌ಟ್ ೪ ಕ್ರಮದಲ್ಲಿ ಹೆಸರಿನ ಉದ್ದ ೨೫೫ ಬೈಟನ್ನು ಮೀರುವಂತಿಲ್ಲ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು ಸಾಕು, ಯು.ಟಿ.ಎಫ್. ೮ ಎಂಬ ರೂಢಿಯ ಸಂಕೇತದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. ಅದೂ ನಾವು ಎಣಿಸುವ ಅಕ್ಷರಕ್ಕಲ್ಲ, ಒಳಗಿನ ಚಿಹ್ನೆಗೆ. 'ಸ್ತ್ರೀ' ಎಂಬ ಒಂದೇ ಅಕ್ಷರದಲ್ಲಿ ಸಕಾರ, ತಕಾರ, ರಕಾರ, ನಡುವಿನ ಎರಡು ಹಲಂತಗಳು, ಈಕಾರ ಎಂದು ಆರು ಚಿಹ್ನೆಗಳು. ಅಂದರೆ ೧೮ ಬೈಟು. ಹೀಗೆ ೨೫೫ ಬೈಟಿನಲ್ಲಿ ೮೫ ಚಿಹ್ನೆಗಳಷ್ಟೇ ಹಿಡಿಸುವುವು. ಕೆಲವು ಹಳೆಯ ರೂಟರುಗಳಲ್ಲಿ ಕನ್ನಡದ ಹೆಸರುಗಳು ಬರಿಯ ಪ್ರಶ್ನೆಚಿಹ್ನೆಗಳಾಗಿ ಕಾಣುವುದೂ ಉಂಟು. ಹಾಗೆಂದು ಕನ್ನಡವನ್ನು ಬಿಡಬೇಕಾಗಿಲ್ಲ. ಹೆಸರು ಚಿಕ್ಕದಾಗಿರಲಿ, ಮೊದಲಿಗೆ ಒಂದು ಸಂಖ್ಯೆಯಿರಲಿ. ಹಾಡಿನ ಪೂರ್ಣ ವಿವರವನ್ನು ಒಂದು ಪಟ್ಟಿಯಲ್ಲಿ ಬರೆದು ಜೊತೆಗಿಟ್ಟರೆ ಸಾಕು.

ಮೂರನೆಯದು ವೇಗ. ಒಳ್ಳೆಯ ಗುಣದ ಧ್ವನಿಮುದ್ರಣಕ್ಕೆ ನಿಮಿಷಕ್ಕೆ ಸುಮಾರು ೧೦.೬ ಮೆಗಾಬೈಟು ಬೇಕು. ಆ ಲೆಕ್ಕದಲ್ಲಿ ನನ್ನ ೩೦ ಗಂಟೆಗಳ ಹಾಡು ಸುಮಾರು ೧೯ ಗಿಗಾಬೈಟು ಆಗಿತ್ತು. ಯು.ಎಸ್.ಬಿ. ೨.೦ರ ವೇಗವನ್ನು ಸೆಕೆಂಡಿಗೆ ೪೮೦ ಮೆಗಾಬಿಟ್ಟೆಂದು ಹೇಳುವರು; ಎಂಟು ಬಿಟ್ಟಿಗೆ ಒಂದು ಬೈಟು, ಆದುದರಿಂದ ೬೦ ಮೆಗಾಬೈಟು. ವಾಸ್ತವದಲ್ಲಿ ಅಷ್ಟು ಬಾರದು. ರೂಟರಿನ ಸಂಸ್ಕಾರಕ ಸಣ್ಣದು, ನಡುವಿನ ಜಾಲವೂ ಮಿತಿಯುಳ್ಳದ್ದು. ನಮ್ಮ ಮನೆಯಲ್ಲಿ ಸೆಕೆಂಡಿಗೆ ೧೦ ಮೆಗಾಬೈಟಿನಂತೆ ಸಾಗುತ್ತಿತ್ತು. ಹಾಗಾದರೆ ೧೯ ಗಿಗಾಬೈಟಿಗೆ ೧೯೦೦ ಸೆಕೆಂಡು, ಅಂದರೆ ಅರ್ಧ ಗಂಟೆಗಿಂತ ತುಸು ಹೆಚ್ಚು. ಅದನ್ನೇ ಸೆಕೆಂಡಿಗೆ ೧೦ ಮೆಗಾಬಿಟ್ಟಿನಂತೆ ಮೇಲಕ್ಕೆ ಸಾಗಿಸುವ ಇಂಟರ್ನೆಟ್ ಸಂಪರ್ಕದಲ್ಲಿ ದೂರದ ಭಂಡಾರಕ್ಕೆ ಕಳುಹಿಸಿದರೆ ನಾಲ್ಕು ಗಂಟೆಗೂ ಮೀರುವುದು. ಮೊದಲ ಸಲ ಮಾತ್ರ ಈ ಕಾಯುವಿಕೆ. ಆಮೇಲೆ ಹೊಸದು, ಬದಲಾದುದು ಮಾತ್ರ ಸಾಗುವುದರಿಂದ ಕೆಲವು ನಿಮಿಷಗಳಲ್ಲಿ ಮುಗಿಯುವುದು. ವೇಗ ಕಡಿಮೆಯೆಂದು ರೂಟರನ್ನು ಹಳಿಯುವವರು ಇದನ್ನು ಗಮನಿಸಬೇಕು. ರಾತ್ರಿ ನಾವು ಮಲಗಿರುವಾಗ ನಡೆಯುವ ಕೆಲಸಕ್ಕೆ ಅವಸರವೇನು?

ನಾಲ್ಕನೆಯದಾಗಿ, ಪ್ರತಿ ಮಾಡುವ ಬಗೆ. ಇದರಲ್ಲಿ ಎರಡು ವಿಧ. ಒಂದು ಕನ್ನಡಿಯಂಥದು. ಗಣಕದಲ್ಲಿ ಇರುವಂತೆಯೇ ಡಿಸ್ಕಿನಲ್ಲಿಯೂ ಇರುವುದು; ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುವುದು. ಇನ್ನೊಂದು ದಿನಚರಿಯಂಥದು. ಕಡತ ಬದಲಾದರೂ ಅದರ ಹಿಂದಿನ ರೂಪಗಳು ತಾರೀಖಿನೊಡನೆ ಉಳಿದಿರುವುವು. ವಿಂಡೋಸಿನಲ್ಲಿ ೨೦೧೨ರಿಂದ ಬಂದ ಫೈಲ್ ಹಿಸ್ಟರಿ ಎಂಬುದು ಎರಡನೆಯ ಬಗೆಯದು. ರೂಟರಿನ ಡಿಸ್ಕನ್ನು ಅದಕ್ಕೆ ತೋರಿಸಿಕೊಟ್ಟರೆ ಗಂಟೆಗೊಮ್ಮೆ ತಾನೇ ಕೆಲಸ ಮಾಡುವುದು. ತಪ್ಪಿ ಅಳಿಸಿದ ಕಡತವನ್ನು ಕನ್ನಡಿಯಿಂದ ತರಲಾಗದು, ದಿನಚರಿಯಿಂದ ತರಬಹುದು. ಆದುದರಿಂದ ಬ್ಯಾಕಪ್ಪಿಗೆ ದಿನಚರಿಯೇ ತಕ್ಕುದು.

ಇನ್ನು ಅಪಾಯಗಳ ಮಾತು. ಜಾಲದಲ್ಲಿ ಸದಾ ತೆರೆದಿರುವ ಡಿಸ್ಕಿಗೆ ಕಳ್ಳರ ಭಯ ತಪ್ಪಿದ್ದಲ್ಲ. ಮನೆಯ ಹೊರಗಿನಿಂದಲೂ ಡಿಸ್ಕನ್ನು ನೋಡುವ ಸೌಕರ್ಯವನ್ನು ಹಲವು ರೂಟರುಗಳು ಕೊಡುವುವು. ೨೦೧೪ರ ಫೆಬ್ರವರಿಯಲ್ಲಿ ಆಸುಸ್ ರೂಟರುಗಳ ಇಂಥ ಸೌಕರ್ಯದಲ್ಲಿದ್ದ ಲೋಪಗಳನ್ನು ಹಿಡಿದು ೧೨,೯೦೦ಕ್ಕೂ ಹೆಚ್ಚು ಗ್ರಾಹಕರ ಡಿಸ್ಕುಗಳೊಳಗೆ ಕಳ್ಳರು ನುಗ್ಗಿದರು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ವಿಷಯವನ್ನು ಕೈಗೆತ್ತಿಕೊಂಡು, ೨೦೧೬ರಲ್ಲಿ ಆದ ಒಪ್ಪಂದದಂತೆ ಆ ಸಂಸ್ಥೆಯು ೨೦ ವರ್ಷಗಳ ಕಾಲ ಸ್ವತಂತ್ರ ತಪಾಸಣೆಗೆ ಒಳಪಡಬೇಕಾಯಿತು. ನಮಗೆ ಬ್ಯಾಕಪ್ಪಿನ ಮಟ್ಟಿಗೆ ಆ ಸೌಕರ್ಯವೇ ಬೇಕಿಲ್ಲ. ಅದನ್ನು ಮುಚ್ಚಿಬಿಡುವುದು ಮೇಲು. ರೂಟರಿನ ಜೊತೆಗೆ ಬಂದ ಗುಪ್ತಪದವನ್ನು ಬದಲಿಸಬೇಕು. ಗುಪ್ತಪದವಿಲ್ಲದ ಅತಿಥಿ ಪ್ರವೇಶವನ್ನು ನಿಲ್ಲಿಸಬೇಕು. ತಯಾರಕರು ಕಳುಹಿಸುವ ತಂತ್ರಾಂಶದ ಪರಿಷ್ಕರಣೆಗಳನ್ನು ಹಾಕಿಕೊಳ್ಳುತ್ತಿರಬೇಕು. ಹಳೆಯ ರೂಟರುಗಳು ಎಸ್.ಎಂ.ಬಿ.ಯ ಮೊದಲ ಆವೃತ್ತಿಯನ್ನು ಮಾತ್ರ ಬಲ್ಲವು. ೨೦೧೭ರ ಮೇ ತಿಂಗಳಲ್ಲಿ ಲೋಕವನ್ನೇ ನಡುಗಿಸಿದ ವಾನಾಕ್ರೈ ಎಂಬ ಪಿಡುಗು ಹರಡಿದುದು ವಿಂಡೋಸಿನಲ್ಲಿ ಆ ಮೊದಲ ಆವೃತ್ತಿಗಿದ್ದ ದೋಷದ ಮೂಲಕವೇ. ಅದೇ ವರ್ಷದ ಕೊನೆಯ ಭಾಗದಿಂದ ಹೊಸ ವಿಂಡೋಸ್‌ಗಳಲ್ಲಿ ಅದನ್ನು ಮೊದಲೇ ಹಾಕಿಕೊಡುವುದನ್ನು ನಿಲ್ಲಿಸಿದರು. ಡಿಸ್ಕು ಕಾಣುವುದಿಲ್ಲವೆಂದು ಆ ಹಳೆಯ ಬಾಗಿಲನ್ನು ಮತ್ತೆ ತೆರೆಯುವುದು ವಿವೇಕವಲ್ಲ. ರೂಟರನ್ನೇ ಬದಲಿಸುವುದು ಒಳ್ಳೆಯದು.

ವಾನಾಕ್ರೈನಂಥ ಪಿಡುಗುಗಳು ಕಡತಗಳನ್ನು ಗೂಢಲಿಪಿಗೆ ತಿರುಗಿಸಿ ಬಿಡುಗಡೆಗೆ ಹಣ ಕೇಳುವುವು. ಗಣಕದಲ್ಲಿ ರೂಟರಿನ ಡಿಸ್ಕು ಸದಾ ತೆರೆದಿದ್ದರೆ ಅಲ್ಲಿಯ ಕಡತಗಳಿಗೂ ಅದೇ ಗತಿ. ಸಿಡಿಲಿನದೂ ಇದೇ ಕಥೆ. ಮುಂಗಾರಿಗೆ ಮೊದಲು ನಮ್ಮ ಕಡೆ ಗುಡುಗು ಮಿಂಚು ಎಷ್ಟೆಂಬುದನ್ನು ಎಲ್ಲರೂ ಬಲ್ಲರು. ಒಂದೇ ಹೊಡೆತಕ್ಕೆ ರೂಟರು, ಡಿಸ್ಕು, ಚಾರ್ಜಿಗಿಟ್ಟ ಲ್ಯಾಪ್‌ಟಾಪು ಮೂರೂ ಸುಟ್ಟುಹೋಗಬಹುದು. ಆದುದರಿಂದ ರೂಟರಿನ ಡಿಸ್ಕು ಎರಡನೆಯ ಪ್ರತಿಯೇ ಹೊರತು ಕೊನೆಯ ಪ್ರತಿಯಲ್ಲ. ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕರು ಪ್ರಚಾರಕ್ಕೆ ತಂದ ೩-೨-೧ ಎಂಬ ಸೂತ್ರವೊಂದುಂಟು. ಒಟ್ಟು ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದಾದರೂ ಬೇರೊಂದು ಊರಿನಲ್ಲಿಯೋ ಮನೆಯಲ್ಲಿಯೋ ಇರಲಿ ಎಂಬುದು ಅದರ ಸಾರ. ಅತ್ತಿಮಬ್ಬೆ ಹಂಚಿದುದರ ಅರ್ಥವೂ ಇದೇ ಅಲ್ಲವೆ? ಇನ್ನೊಂದು ಡಿಸ್ಕನ್ನು ಕೊಂಡು, ತಿಂಗಳಿಗೊಮ್ಮೆ ಅದಕ್ಕೂ ಪ್ರತಿಮಾಡಿ, ತಂತಿ ಬಿಚ್ಚಿ ನಂಟರ ಮನೆಯಲ್ಲಿ ಇಟ್ಟರೆ ಸಿಡಿಲೂ ಕಳ್ಳನೂ ಅದನ್ನು ಒಟ್ಟಿಗೇ ಮುಟ್ಟಲಾರರು.

ಈಗ ನನ್ನ ಕಥೆಯ ಉಳಿದ ಭಾಗ. ೨೦೨೪ರ ಜನವರಿಯಲ್ಲಿ ಅಜ್ಜಿ ತೀರಿಕೊಂಡರು. ಮಾರ್ಚಿಯಲ್ಲಿ ಒಂದು ಬೆಳಿಗ್ಗೆ ಲ್ಯಾಪ್‌ಟಾಪು ಏಳಲೇ ಇಲ್ಲ. ಅಂಗಡಿಯಲ್ಲಿ ತೋರಿಸಿದಾಗ ಒಳಗಿನ ಡಿಸ್ಕು ಸತ್ತಿದೆಯೆಂದರು. ನನಗೆ ಗಾಬರಿಯಾಗಲಿಲ್ಲ, ರೂಟರಿನ ಡಿಸ್ಕು ಇದೆಯಲ್ಲ ಎಂಬ ಧೈರ್ಯ. ಗೆಳೆಯನ ಗಣಕದಲ್ಲಿ ಅದನ್ನು ತೆರೆದು ನೋಡಿದೆ. ಹಾಡುಗಳಿದ್ದವು. ಆದರೆ ಕೊನೆಯ ತಾರೀಖು ೨೦೨೩ರ ಸೆಪ್ಟೆಂಬರಿನದು. ಆ ತಿಂಗಳು ಒಮ್ಮೆ ಕರೆಂಟು ಹೋಗಿ ಬಂದಾಗ, ಬರೆಯುತ್ತಿದ್ದ ಡಿಸ್ಕು ಅರ್ಧದಲ್ಲಿ ನಿಂತು, ಕ್ರಮ ಕೆಟ್ಟುದರಿಂದ ರೂಟರು ಅದನ್ನು ಮತ್ತೆ ಬರೆಯಲು ತೆರೆಯಲೇ ಇಲ್ಲ. ಡಿಸ್ಕಿನ ದೀಪವೇನೋ ಉರಿಯುತ್ತಲೇ ಇತ್ತು. ಪ್ರತಿ ಮಾಡಲಾಗುತ್ತಿಲ್ಲವೆಂಬ ಸೂಚನೆ ಲ್ಯಾಪ್‌ಟಾಪಿನ ಮೂಲೆಯಲ್ಲಿ ಆಗಾಗ ಬಂದಿತ್ತೆಂದು ಈಗ ನೆನಪಾಗುತ್ತದೆ; ಇತರ ನೂರು ಸೂಚನೆಗಳಂತೆ ಅದನ್ನೂ ಒರೆಸಿಹಾಕಿದ್ದೆ. ದಸರೆಯಿಂದ ಈಚೆಗೆ ಮುದ್ರಿಸಿದ್ದ ಒಂಬತ್ತು ಗಂಟೆಗಳ ಹಾಡು ಹೋಯಿತು. ಅಜ್ಜಿ ಕೊನೆಕೊನೆಗೆ ನೆನಪಿಸಿಕೊಂಡು ಹಾಡಿದ, ಬೇರೆ ಇಬ್ಬರಿಗೂ ಬಾರದಿದ್ದ ಪದಗಳೆಲ್ಲ ಅದರಲ್ಲಿಯೇ ಇದ್ದವು.

ಆ ಒಂಬತ್ತು ಗಂಟೆಗಳಲ್ಲಿ ನಾಲ್ಕು ನಿಮಿಷದ ಒಂದು ಹಾಡು ಮಾತ್ರ ಉಳಿಯಿತು. ಮುಂಬಯಿಯಲ್ಲಿರುವ ನಮ್ಮ ಅತ್ತೆ ತಾಯಿಯ ದನಿ ಕೇಳಬೇಕೆಂದಾಗ ಮೊಬೈಲಿನಲ್ಲಿ ಅದೊಂದನ್ನು ಕಳುಹಿಸಿದ್ದೆ. ನಾನು ಯೋಜಿಸಿ ಮಾಡಿದ ಪ್ರತಿ ಕೈಕೊಟ್ಟಿತು. ಪ್ರೀತಿಗಾಗಿ ಕಳುಹಿಸಿದ್ದು ಉಳಿಯಿತು.

ತಪ್ಪು ರೂಟರಿನದಲ್ಲ, ಡಿಸ್ಕಿನದೂ ಅಲ್ಲ. ಒಳಗೆ ಹೋಗುತ್ತಿದೆಯೆಂಬುದನ್ನೇ ನಾನು ನಂಬಿದ್ದೆ; ತಿರುಗಿ ಬರುವುದೇ ಎಂದು ಒಂದು ದಿನವೂ ನೋಡಲಿಲ್ಲ. ಅಜ್ಜಿ ಮೊದಲ ದಿನವೇ ಕೇಳಿದ ಪ್ರಶ್ನೆ ಅದು. ಬ್ಯಾಕಪ್ಪಿನ ವಿದ್ಯೆಯಲ್ಲಿ ನಾನು ಕಲಿತ ಮುಖ್ಯ ಪಾಠವೂ ಅದೊಂದೇ: ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ಎಣಿಸಬಾರದು.

ಆಮೇಲಿನಿಂದ ನಾನು ನಡೆಸಿಕೊಂಡು ಬಂದಿರುವ ಕ್ರಮವನ್ನು ಹೇಳಿ ಮುಗಿಸುತ್ತೇನೆ. ರೂಟರಿಗೂ ಡಿಸ್ಕಿಗೂ ಒಂದು ಸಣ್ಣ ಯು.ಪಿ.ಎಸ್. ಕೊಂಡಿದ್ದೇನೆ, ಕರೆಂಟು ಹೋದರೂ ಬರೆಯುವ ಕೆಲಸ ಅರ್ಧದಲ್ಲಿ ನಿಲ್ಲುವುದಿಲ್ಲ. ಡಿಸ್ಕನ್ನು ಕೀಳುವ ಮೊದಲು ರೂಟರಿನ ಪುಟದಲ್ಲಿ ಅದನ್ನು ಬಿಡುಗಡೆ ಮಾಡಿಯೇ ಕೀಳುತ್ತೇನೆ. ಪ್ರತಿ ತಿಂಗಳ ಮೊದಲ ಭಾನುವಾರ ಬೇರೊಂದು ಗಣಕದಿಂದ ರೂಟರಿನ ಡಿಸ್ಕನ್ನು ತೆರೆದು ಮೂರು ಕೆಲಸ ಮಾಡುತ್ತೇನೆ. ಕೊನೆಯ ಕಡತದ ತಾರೀಖು ನೋಡುವುದು ಒಂದು; ಕಡತಗಳ ಸಂಖ್ಯೆಯನ್ನೂ ಒಟ್ಟು ಗಾತ್ರವನ್ನೂ ಮೂಲದೊಡನೆ ಹೋಲಿಸುವುದು ಎರಡು; ಯಾವುದಾದರೂ ಮೂರು ಹಾಡುಗಳನ್ನು ತೆಗೆದು ಕೊನೆಯವರೆಗೂ ಕೇಳುವುದು ಮೂರು. ಇನ್ನೂ ಖಚಿತತೆ ಬೇಕೆನ್ನುವವರು ಚೆಕ್‌ಸಮ್ ಎಂಬ ಉಪಾಯವನ್ನು ಬಳಸಬಹುದು. ಕಡತವನ್ನೆಲ್ಲ ಒಂದು ಗಣಿತಸೂತ್ರಕ್ಕೆ ಒಡ್ಡಿದರೆ ಅದರದೇ ಆದ ಒಂದು ಅಂಕಿಮಾಲೆ ದೊರೆಯುವುದು. ಕಡತದಲ್ಲಿ ಒಂದು ಬಿಟ್ಟು ಬದಲಾದರೂ ಮಾಲೆ ಬೇರೆಯಾಗುವುದು. ಮೂಲದ ಮಾಲೆಯೂ ಪ್ರತಿಯ ಮಾಲೆಯೂ ಒಂದೇ ಆಗಿದ್ದರೆ ಪ್ರತಿ ನಿಜವಾದುದೆಂದು ನಿಶ್ಚಿಂತರಾಗಿರಬಹುದು. ಎರಡನೆಯ ಡಿಸ್ಕು ಅತ್ತೆಯ ಮನೆಗೆ ಹೋಗಿದೆ. ಅವರು ಊರಿಗೆ ಬಂದಾಗಲೆಲ್ಲ ಅದನ್ನು ತರುತ್ತಾರೆ, ಹೊಸದನ್ನು ತುಂಬಿಸಿ ಕೊಡುತ್ತೇನೆ.

ಸಹಪಾಠಿ ಮಿತ್ರರಲ್ಲಿಯೂ ಪೂಜ್ಯ ಅಧ್ಯಾಪಕರಲ್ಲಿಯೂ ನನ್ನದೊಂದು ಬಿನ್ನಹ. ನಿಮ್ಮ ಮನೆಯ ರೂಟರಿನ ಹಿಂಭಾಗವನ್ನು ಇಂದು ಸಂಜೆ ಒಮ್ಮೆ ನೋಡಿರಿ. ಕಿಂಡಿಯಿದ್ದರೆ ಒಂದು ಡಿಸ್ಕನ್ನು ಜೋಡಿಸಿರಿ. ಆಗಲೇ ಜೋಡಿಸಿರುವವರು ಅದರಿಂದ ಒಂದು ಕಡತವನ್ನು ಹೊರತೆಗೆದು ನೋಡಿರಿ. ಉಳಿದ ಇಪ್ಪತ್ತೊಂದು ಗಂಟೆಗಳ ಹಾಡುಗಳನ್ನು ನಾನು ಬರಹಕ್ಕೆ ಇಳಿಸುತ್ತಿದ್ದೇನೆ. ಅದರದೊಂದು ಪ್ರತಿಯನ್ನು ನಮ್ಮ ಕಾಲೇಜಿನ ಗ್ರಂಥಭಂಡಾರಕ್ಕೂ ಕೊಡುವೆನು. ಬೇಕಾದವರು ಅಲ್ಲಿಂದ ಇನ್ನೊಂದು ಪ್ರತಿ ಮಾಡಿಕೊಳ್ಳಬಹುದು. ಮಾಡಿಕೊಂಡಷ್ಟೂ ಆ ಹಾಡುಗಳಿಗೆ ಒಳ್ಳೆಯದು.